ಪರದೆಯ ಮೇಲೆ ಹಿರಿಯರ ಕೂಟ: ಕಾರ್ಯಕ್ರಮ ಕಡಿಮೆ ಮಾಡಿ, ಮಾತಿಗೆ ಜಾಗ ಬಿಡಿ

ಪ್ರಶ್ನೆ: ನಮ್ಮದು 60 ದಾಟಿದವರ ಒಂದು ಬಳಗ. ಮನೆಯಿಂದ ಹೊರಗೆ ಬರಲಾಗದವರು ಜಾಸ್ತಿ ಇರುವುದರಿಂದ ವಾರಕ್ಕೊಮ್ಮೆ ಆನ್‌ಲೈನ್‌ನಲ್ಲಿ ಸೇರುತ್ತೇವೆ. ಹಾಡು, ಉಪನ್ಯಾಸ, ಕವಿತೆ ಓದು, ರಸಪ್ರಶ್ನೆ ಎಲ್ಲಾ ಇಡುತ್ತೇವೆ. ಎರಡು ಗಂಟೆ ನಡೆಯುತ್ತದೆ. ಮೊದಲು 40 ಮಂದಿ ಬರುತ್ತಿದ್ದರು, ಈಗ 12ಕ್ಕೆ ಇಳಿದಿದೆ. ಬಂದವರಲ್ಲೂ ಅರ್ಧ ಜನ ಕ್ಯಾಮೆರಾ ಆಫ್ ಮಾಡಿಕೊಂಡಿರುತ್ತಾರೆ. ಎಲ್ಲರೂ ಸೇರಿ ಹಾಡಿದರೆ ಬರೀ ಗದ್ದಲ. ‘ಕೇಳಿಸ್ತಾ ಇಲ್ಲ’ ಅನ್ನುವುದರಲ್ಲೇ ಎಷ್ಟೋ ಹೊತ್ತು ಹೋಗುತ್ತದೆ. 87 ವರ್ಷದ ಒಬ್ಬರ ಹತ್ತಿರ ಸ್ಮಾರ್ಟ್‌ಫೋನೇ ಇಲ್ಲ, ಅವರನ್ನು ಹೇಗೆ ಸೇರಿಸಿಕೊಳ್ಳುವುದೋ ಗೊತ್ತಿಲ್ಲ. ಇದನ್ನು ಮುಂದುವರಿಸಬೇಕಾ, ನಿಲ್ಲಿಸಬೇಕಾ?

ಉತ್ತರ: ನಿಲ್ಲಿಸಬೇಡಿ. ಆದರೆ ಈಗ ನಡೆಸುತ್ತಿರುವ ರೀತಿಯಲ್ಲೇ ಮುಂದುವರಿಸಲೂ ಬೇಡಿ.

ನಿಮ್ಮ ಪತ್ರ ಓದಿದಾಗ ನನಗೆ ಕಂಡದ್ದು ಇಷ್ಟು: ನೀವು ಒಂದು ಸಭಾಂಗಣವನ್ನು ಹಾಗೇ ಎತ್ತಿ ಪರದೆಯ ಮೇಲೆ ಇಟ್ಟಿದ್ದೀರಿ. ವೇದಿಕೆ ಇದೆ, ನಿರೂಪಕರಿದ್ದಾರೆ, ಒಂದಾದ ಮೇಲೊಂದು ಕಾರ್ಯಕ್ರಮ ಇದೆ. ಆದರೆ ಸಭಾಂಗಣಕ್ಕೆ ಹೋಗುವ ಹಿರಿಯರು ವೇದಿಕೆಗೋಸ್ಕರ ಮಾತ್ರ ಹೋಗುವುದಿಲ್ಲ. ಬಾಗಿಲಲ್ಲಿ ನಿಂತು ನಾಲ್ಕು ಮಾತಾಡುವುದಕ್ಕೆ, ಪಕ್ಕದ ಕುರ್ಚಿಯವರ ಮಂಡಿನೋವು ವಿಚಾರಿಸುವುದಕ್ಕೆ, ‘ಹೋದ ವಾರ ಯಾಕೆ ಕಾಣಲಿಲ್ಲ’ ಅಂತ ಯಾರಾದರೂ ಕೇಳಲಿ ಅನ್ನುವುದಕ್ಕೆ ಹೋಗುತ್ತಾರೆ. ನಿಮ್ಮ ಕೂಟದಲ್ಲಿ ವೇದಿಕೆ ಉಳಿದಿದೆ, ಬಾಗಿಲೂ ಪಕ್ಕದ ಕುರ್ಚಿಯೂ ಹೋಗಿವೆ. ಬರೀ ಹಾಡು ಕೇಳುವುದಾದರೆ ಟಿ.ವಿ. ಇದೆ, ಯೂಟ್ಯೂಬ್ ಇದೆ, ಅಲ್ವಾ? ಅಲ್ಲಿ ಸದ್ದೂ ಇದಕ್ಕಿಂತ ಚೆನ್ನಾಗಿರುತ್ತದೆ. ಬಿಟ್ಟುಹೋದ 28 ಜನಕ್ಕೆ ಹಾಡು ಬೇಸರವಾಗಿರಲಿಕ್ಕಿಲ್ಲ. ಎರಡು ಗಂಟೆ ಬಾಯಿ ಮುಚ್ಚಿ ಕೂರುವುದು ಬೇಸರವಾಗಿರುತ್ತದೆ.

ನಿಮ್ಮ ಶ್ರಮ ದಂಡವೇನೂ ಅಲ್ಲ. ಜನರ ಒಡನಾಟಕ್ಕೂ ಆಯುಷ್ಯಕ್ಕೂ ಇರುವ ನಂಟು ಚೆನ್ನಾಗಿ ಗೊತ್ತಿರುವ ವಿಷಯ. 2010ರಲ್ಲಿ ಅಮೆರಿಕದ ಮನೋವಿಜ್ಞಾನಿ ಜೂಲಿಯನ್ ಹೋಲ್ಟ್-ಲನ್‌ಸ್ಟಡ್ ಮತ್ತು ಜೊತೆಗಾರರು 148 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಒಟ್ಟು ಮೂರು ಲಕ್ಷಕ್ಕೂ ಮೇಲ್ಪಟ್ಟು ಜನ. ಒಡನಾಟ ಗಟ್ಟಿಯಾಗಿದ್ದವರು ಆ ಅಧ್ಯಯನಗಳ ಅವಧಿಯಲ್ಲಿ ಬದುಕಿ ಉಳಿಯುವ ಸಾಧ್ಯತೆ ಶೇ. 50ರಷ್ಟು ಜಾಸ್ತಿ ಇತ್ತು. ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿಯ ಪ್ರಕಾರ ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರಿಗೆ ಒಂಟಿತನ ಕಾಡುತ್ತಿದೆ.

ಆದರೆ ವಿಡಿಯೋ ಕರೆ ಹಾಕಿದ ತಕ್ಷಣ ಒಂಟಿತನ ಹೋಗುತ್ತದೆ ಅಂತ ಅಂದುಕೊಳ್ಳಬೇಡಿ. 2020ರಲ್ಲಿ, ವೈದ್ಯಕೀಯ ಸಂಶೋಧನೆಗಳನ್ನು ಒಟ್ಟುಹಾಕಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯವರು ಈ ಬಗ್ಗೆ ಇದ್ದ ಪ್ರಯೋಗಗಳನ್ನು ಹುಡುಕಿದಾಗ ಅವರ ಅಳತೆಗೆ ಸಿಕ್ಕಿದ್ದು ಮೂರೇ ಮೂರು. ಮೂರೂ ವೃದ್ಧಾಶ್ರಮಗಳಲ್ಲಿ ನಡೆದವು, ಒಟ್ಟು 201 ಜನ. ಒಂಟಿತನದ ಮೇಲೆ ಹೇಳಿಕೊಳ್ಳುವಂಥ ಪರಿಣಾಮ ಕಾಣಲಿಲ್ಲ. ಅದೇ, ಅಮೆರಿಕದಲ್ಲಿ ನಡೆದ ಐ-ಕನೆಕ್ಟ್ ಎಂಬ ಇನ್ನೊಂದು ಪ್ರಯೋಗ ನೋಡಿ. 75 ದಾಟಿದ, ಜನರ ಸಂಪರ್ಕ ಕಡಿಮೆ ಇದ್ದ 186 ಮಂದಿ. ಒಂದು ಗುಂಪಿನವರ ಜೊತೆ ವಾರಕ್ಕೆ ನಾಲ್ಕು ಸಲ, ಪ್ರತಿ ಸಲ ಅರ್ಧ ಗಂಟೆ, ತರಬೇತಿ ಪಡೆದವರೊಬ್ಬರು ವಿಡಿಯೋದಲ್ಲಿ ಮಾತಾಡುತ್ತಿದ್ದರು. ಇನ್ನೊಂದು ಗುಂಪಿಗೆ ವಾರಕ್ಕೊಂದು ಚಿಕ್ಕ ಫೋನ್ ಕರೆ ಮಾತ್ರ. ಆರು ತಿಂಗಳ ನಂತರ ನೆನಪು, ಯೋಚನೆಯ ಪರೀಕ್ಷೆಯಲ್ಲಿ ಮೊದಲ ಗುಂಪಿನವರು ಸ್ವಲ್ಪ ಮುಂದಿದ್ದರು. ಅಲ್ಲಿ ಉಪನ್ಯಾಸ ಇರಲಿಲ್ಲ, ರಸಪ್ರಶ್ನೆ ಇರಲಿಲ್ಲ. ಒಬ್ಬರ ಎದುರು ಒಬ್ಬರು ಕೂತು ಆಡಿದ ಮಾತು ಇತ್ತು.

ಹಾಗಾದರೆ ಮಾತಿಗೆ ಎಷ್ಟು ಜನ ಇರಬೇಕು? ನನ್ನ ಉತ್ತರ ನಾಲ್ಕು. ಮನುಷ್ಯರು ತಾವಾಗಿಯೇ ಕೂಡಿ ಹರಟುವಾಗ ಗುಂಪು ನಾಲ್ಕಕ್ಕಿಂತ ದೊಡ್ಡದಾದರೆ ಅದು ಒಡೆದು ಎರಡಾಗುತ್ತದೆ ಎಂದು ಮನೋವಿಜ್ಞಾನಿ ರಾಬಿನ್ ಡನ್‌ಬಾರ್ ಮತ್ತು ಜೊತೆಗಾರರು 1995ರಲ್ಲೇ ಗಮನಿಸಿ ಬರೆದಿದ್ದಾರೆ. ಯಾವ ಸಮಾರಂಭದಲ್ಲಿ ಬೇಕಾದರೂ ನೀವೇ ನೋಡಿ. ಎಂಟು ಜನ ನಿಂತಿದ್ದರೆ ಸ್ವಲ್ಪ ಹೊತ್ತಿಗೆ ಎರಡು ಮಾತು ಶುರುವಾಗಿರುತ್ತದೆ. ಪರದೆಯಲ್ಲಿ ಹಾಗೆ ಒಡೆದುಕೊಳ್ಳಲು ಆಗುವುದಿಲ್ಲ. 12 ಜನರ ಪರದೆಯಲ್ಲಿ ಒಂದೇ ಮಾತು ನಡೆಯಬೇಕು. ಹಾಗಾಗಿ ದನಿ ಇರುವ ಇಬ್ಬರು ಮೂವರು ಮಾತಾಡುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ. ತಲೆಯಾಡಿಸಿ ಸಾಕಾದವರು ಕ್ಯಾಮೆರಾ ಆಫ್ ಮಾಡುತ್ತಾರೆ.

ನಿಮ್ಮ ಹತ್ತಿರ ಈಗ 12 ಜನ ಇದ್ದಾರೆ. ನಾಲ್ಕು ನಾಲ್ಕರಂತೆ ಮೂರು ಗುಂಪು ಸರಿಯಾಗಿ ಆಗುತ್ತದೆ. ಝೂಮ್‌ನಲ್ಲಿ ಬ್ರೇಕ್‌ಔಟ್ ರೂಮ್ ಎನ್ನುವ ಸೌಲಭ್ಯ ಇದಕ್ಕೇ ಇರುವುದು. ನಡೆಸುವವರು ಎಲ್ಲರನ್ನೂ ಸಣ್ಣ ಸಣ್ಣ ಕೋಣೆಗಳಿಗೆ ಕಳುಹಿಸಬಹುದು. ಅದರಲ್ಲಿ ‘ಎಲ್ಲರನ್ನೂ ತಾನಾಗಿಯೇ ಕೋಣೆಗೆ ಕಳುಹಿಸು’ ಎನ್ನುವ ಆಯ್ಕೆ ಇದೆ, ಅದನ್ನು ಆನ್ ಮಾಡಿ. ಹಿರಿಯರು ಏನನ್ನೂ ಒತ್ತಬೇಕಾಗಿಲ್ಲ. ಇಷ್ಟೂ ರಗಳೆ ಅನ್ನಿಸಿದರೆ ವಾಟ್ಸಾಪ್ ವಿಡಿಯೋ ಕರೆ ಸಾಕು. ಅದರಲ್ಲಿ 32 ಜನರ ತನಕ ಸೇರಬಹುದು, ನಿಮಗೆ ಬೇಕಾಗಿರುವುದು ನಾಲ್ಕೇ ಜನ. ಮಕ್ಕಳ ಜೊತೆ ಮಾತಾಡಿ ಅಭ್ಯಾಸ ಇರುವುದರಿಂದ ವಾಟ್ಸಾಪ್ ಹಿರಿಯರಿಗೆ ಹೊಸದೂ ಅಲ್ಲ. ಹೊಸ ಆ್ಯಪ್ ಕಲಿಸುವುದಕ್ಕಿಂತ ಗೊತ್ತಿರುವ ಆ್ಯಪ್‌ನಲ್ಲೇ ಕೂಟ ನಡೆಸುವುದು ಯಾವಾಗಲೂ ಮೇಲು.

ಗುಂಪುಗಳನ್ನು ಪ್ರತಿ ವಾರ ಕಲಸಬೇಡಿ. ಕನಿಷ್ಠ ಒಂದೆರಡು ತಿಂಗಳು ಅದೇ ನಾಲ್ವರು ಇರಲಿ. ಹೋದ ವಾರ ಅರ್ಧಕ್ಕೆ ನಿಂತ ಮಾತು ಈ ವಾರ ಮುಂದುವರಿಯಬೇಕು. ಕಣ್ಣಿನ ಆಪರೇಷನ್‌ಗೆ ಹೋಗಿಬಂದವರನ್ನು ‘ಈಗ ಹೇಗಿದೆ’ ಅಂತ ಕೇಳುವವರು ಬೇಕು. ಹೊಸ ಹೊಸ ಮುಖಗಳ ಎದುರು ಪ್ರತಿ ಸಲ ‘ನಾನು ಇಂಥವನು, ಇಂಥ ಕಡೆ ಕೆಲಸ ಮಾಡಿ ನಿವೃತ್ತನಾದೆ’ ಅಂತ ಶುರು ಮಾಡುವುದರಲ್ಲಿ ಯಾರಿಗೂ ಖುಷಿ ಇಲ್ಲ.

ಇನ್ನು ಸಾಮೂಹಿಕ ಹಾಡಿನ ಗದ್ದಲಕ್ಕೆ ಬರೋಣ. ಇದು ನಿಮ್ಮ ಹಿರಿಯರ ತಪ್ಪಲ್ಲ, ಅಭ್ಯಾಸದ ಕೊರತೆಯೂ ಅಲ್ಲ. ಇಂಟರ್‌ನೆಟ್‌ನಲ್ಲಿ ದನಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಲು ಸಮಯ ಬೇಕು. ಒಟ್ಟಿಗೆ ಹಾಡುವವರು, ನುಡಿಸುವವರು ಸುಮಾರು 25–30 ಮಿಲಿಸೆಕೆಂಡ್ (ಸೆಕೆಂಡಿನ ಸಾವಿರದ ಒಂದು ಭಾಗ ಒಂದು ಮಿಲಿಸೆಕೆಂಡ್) ತಡವನ್ನು ಸಹಿಸಿಕೊಂಡು ತಾಳ ಹಿಡಿಯಬಲ್ಲರು. ಗಾಳಿಯಲ್ಲಿ ಶಬ್ದ ಅಷ್ಟು ಹೊತ್ತಿನಲ್ಲಿ ಸುಮಾರು ಒಂಬತ್ತು ಹತ್ತು ಮೀಟರ್ ಹೋಗುತ್ತದೆ. ಅಂದರೆ ಒಂದು ದೊಡ್ಡ ಕೋಣೆಯ ಆ ತುದಿ ಈ ತುದಿ. ವಿಡಿಯೋ ಕರೆಯಲ್ಲಿ ತಡ ಇದರ ಎಷ್ಟೋ ಪಟ್ಟು ಇರುತ್ತದೆ, ಅದೂ ಒಬ್ಬೊಬ್ಬರಿಗೆ ಒಂದೊಂದು ತರ. ನಿಮ್ಮ ಸಾಲು ನನಗೆ ತಡವಾಗಿ ಬರುತ್ತದೆ, ಅದಕ್ಕೆ ಹೊಂದಿಸಿ ನಾನು ಹಾಡಿದ್ದು ನಿಮಗೆ ಇನ್ನೂ ತಡವಾಗಿ ಬರುತ್ತದೆ. ಎಲ್ಲರೂ ಇನ್ನೊಬ್ಬರಿಗೆ ಕಾಯುತ್ತಾ ಹಾಡು ಎಳೆಯುತ್ತಾ ಹೋಗುತ್ತದೆ. ಇದು ಸಾಲದು ಅಂತ ಆ್ಯಪ್ ಕೂಡ ಒಬ್ಬರ ದನಿಯನ್ನು ಎತ್ತಿ ಉಳಿದವರದನ್ನು ಅಡಗಿಸಲು ನೋಡುತ್ತದೆ. ಅದನ್ನು ಮಾಡಿರುವುದು ಮಾತಿಗೆ, ಮೇಳಕ್ಕಲ್ಲ.

2010ರಲ್ಲಿ ಸಂಗೀತ ಸಂಯೋಜಕ ಎರಿಕ್ ವಿಟಕರ್ 12 ದೇಶಗಳ 185 ದನಿಗಳನ್ನು ಸೇರಿಸಿ ಒಂದು ಆನ್‌ಲೈನ್ ಗಾಯನವೃಂದ ಮಾಡಿದರು. ಅದನ್ನು ನೋಡಿದ ಎಷ್ಟೋ ಜನ ಎಲ್ಲರೂ ಏಕಕಾಲಕ್ಕೆ ಹಾಡಿದ್ದಾರೆ ಅಂದುಕೊಂಡರು. ಇಲ್ಲ. ಒಬ್ಬೊಬ್ಬರೂ ತಮ್ಮ ಮನೆಯಲ್ಲಿ ಬೇರೆಬೇರೆಯಾಗಿ ಹಾಡಿ ರೆಕಾರ್ಡ್ ಮಾಡಿ ಕಳುಹಿಸಿದ್ದರು, ಆಮೇಲೆ ಜೋಡಿಸಿದ್ದು.

ಹಾಗಂತ ನೀವು ಹಾಡು ಬಿಡಬೇಕಾಗಿಲ್ಲ. ಒಬ್ಬರು ಮೈಕ್ ಆನ್ ಮಾಡಿ ಹಾಡಲಿ. ಉಳಿದವರೆಲ್ಲ ಮ್ಯೂಟ್ ಮಾಡಿಕೊಂಡು ತಮ್ಮ ಮನೆಯಲ್ಲಿ ಗಟ್ಟಿಯಾಗಿ ದನಿಗೂಡಿಸಲಿ. ಪ್ರತಿಯೊಬ್ಬರಿಗೂ ಕೇಳುವುದು ಎರಡೇ ದನಿ: ಹಾಡುವವರದು, ತಮ್ಮದು. ಎರಡೂ ಸರಿಯಾಗಿ ಕೂಡುತ್ತವೆ. ಕೇಳುವುದಕ್ಕೆ ವಿಚಿತ್ರ ಅನ್ನಿಸಬಹುದು, ಆದರೆ ಮಾಡಿ ನೋಡಿ. ಅವರವರ ದನಿ ಇನ್ನೊಬ್ಬರಿಗೆ ಕೇಳುವುದಿಲ್ಲವಾದ್ದರಿಂದ ‘ನನಗೆ ಹಾಡೋಕೆ ಬರಲ್ಲ’ ಅನ್ನುವವರೂ ಬಾಯಿ ಬಿಡುತ್ತಾರೆ. ಹಾಡುವವರು ಝೂಮ್ ಬಳಸುತ್ತಿದ್ದರೆ ಆಡಿಯೋ ಸೆಟ್ಟಿಂಗ್‌ನಲ್ಲಿ ‘ಒರಿಜಿನಲ್ ಸೌಂಡ್’ ಎಂಬುದನ್ನು ಆನ್ ಮಾಡಲಿ. ಇಲ್ಲದಿದ್ದರೆ ಎಳೆದು ಹಿಡಿದ ಸ್ವರವನ್ನು, ವಾದ್ಯದ ನಾದವನ್ನು ಆ್ಯಪ್ ಫ್ಯಾನಿನ ಸದ್ದು ಅಂತ ತಿಳಿದು ಕತ್ತರಿಸಿಬಿಡುತ್ತದೆ. ಹಳೆಯ ಹಾಡಿನ ರೆಕಾರ್ಡಿಂಗ್ ಹಾಕುವುದಿದ್ದರೆ ಫೋನನ್ನು ಲ್ಯಾಪ್‌ಟಾಪ್‌ನ ಮೈಕಿಗೆ ಹಿಡಿಯಬೇಡಿ. ಸ್ಕ್ರೀನ್ ಶೇರ್ ಮಾಡುವಾಗ ಕಂಪ್ಯೂಟರಿನ ಸದ್ದನ್ನೂ ಶೇರ್ ಮಾಡುವ ಗುಂಡಿ ಇರುತ್ತದೆ, ಅದನ್ನು ಒತ್ತಿ.

ಇದೇ ತಡ ಮಾತಿಗೂ ಅಡ್ಡ ಬರುತ್ತದೆ. ಎದುರಾಬದುರು ಕೂತಾಗ ಒಬ್ಬರ ಮಾತು ಮುಗಿದು ಇನ್ನೊಬ್ಬರ ಮಾತು ಶುರುವಾಗುವ ನಡುವೆ ಸರಾಸರಿ 200 ಮಿಲಿಸೆಕೆಂಡ್ ಆಸುಪಾಸಿನ ಬಿಡುವು ಇರುತ್ತದೆ. 2009ರಲ್ಲಿ ಬೇರೆಬೇರೆ ನಾಡುಗಳ ಹತ್ತು ಭಾಷೆಗಳನ್ನು ನೋಡಿದವರು ಕಂಡುಕೊಂಡದ್ದು ಇದು. ಹೆಚ್ಚುಕಡಿಮೆ ಕಣ್ಣು ಮಿಟುಕಿಸುವಷ್ಟು ಹೊತ್ತು. ಕರೆಯಲ್ಲಿ ದನಿ ತಡವಾಗಿ ಬಂದಾಗ ಈ ಲೆಕ್ಕ ತಪ್ಪುತ್ತದೆ. ಇಬ್ಬರೂ ಒಟ್ಟಿಗೆ ಬಾಯಿ ತೆರೆಯುತ್ತಾರೆ, ಇಬ್ಬರೂ ‘ನೀವು ಹೇಳಿ, ನೀವು ಹೇಳಿ’ ಅಂತ ನಿಲ್ಲಿಸುತ್ತಾರೆ. ಸಂಕೋಚದವರು ಎರಡು ಸಲ ಹೀಗಾದ ಮೇಲೆ ಮೂರನೇ ಸಲ ಬಾಯಿ ತೆರೆಯುವುದೇ ಇಲ್ಲ. ಇದಕ್ಕೆ ಮದ್ದು ಸುಲಭ: ಹೆಸರು ಹಿಡಿದು ಕರೆಯಿರಿ. ‘ಯಾರಾದರೂ ಏನಾದರೂ ಹೇಳ್ತೀರಾ?’ ಅನ್ನುವುದು ಪರದೆಯಲ್ಲಿ ಕೆಲಸಕ್ಕೆ ಬಾರದ ಪ್ರಶ್ನೆ. ಹೆಸರು ಹೇಳಿ, ಪ್ರಶ್ನೆ ಕೇಳಿ, ಆಮೇಲೆ ಸುಮ್ನೆ ಕಾಯಿರಿ. ಮನಸ್ಸಿನಲ್ಲೇ ಐದು ಎಣಿಸಿ. ಮ್ಯೂಟ್ ತೆಗೆಯಲು, ಮಾತು ಹುಡುಕಿಕೊಳ್ಳಲು ಅಷ್ಟು ಹೊತ್ತು ಬೇಕು. ಆ ಐದು ಎಣಿಸುವಷ್ಟು ತಾಳ್ಮೆ ಇಲ್ಲದ ನಿರೂಪಕರನ್ನು ನಾನು ಬಹಳ ನೋಡಿದ್ದೇನೆ. ಅವರು ಸಾಮಾನ್ಯವಾಗಿ ಬಹಳ ಒಳ್ಳೆಯ ವಾಗ್ಮಿಗಳಾಗಿರುತ್ತಾರೆ!

ಗುಂಪು ನಾಲ್ಕು ಜನರದ್ದಾದರೆ ಮ್ಯೂಟ್ ಮಾಡುವ ತಂಟೆಯೇ ಬೇಡ. ಮನೆಯಲ್ಲಿ ತೀರಾ ಸದ್ದಿದ್ದರೆ ಮಾತ್ರ ಮಾಡಿ. ‘ನೀವು ಮ್ಯೂಟ್‌ನಲ್ಲಿದ್ದೀರಿ’ ಅಂತ ವಾರವಾರವೂ ಹೇಳಿಸಿಕೊಳ್ಳುವುದು ಹಿರಿಯರಿಗೆ ಅವಮಾನದ ಹಾಗೆ ಆಗುತ್ತದೆ.

‘ಕೇಳಿಸ್ತಾ ಇಲ್ಲ’ ಅನ್ನುವ ದೂರಿನಲ್ಲಿ ಇಂಟರ್‌ನೆಟ್‌ನ ಪಾಲು ಸ್ವಲ್ಪ, ಕಿವಿಯ ಪಾಲು ಜಾಸ್ತಿ. 60 ದಾಟಿದವರಲ್ಲಿ ಶೇ. 25ಕ್ಕೂ ಹೆಚ್ಚು ಮಂದಿಗೆ ದಿನನಿತ್ಯದ ಬದುಕಿಗೆ ಅಡ್ಡಿಯಾಗುವಷ್ಟು ಕಿವುಡು ಇರುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ವಯಸ್ಸಿನಿಂದ ಬರುವ ಕಿವುಡಿನಲ್ಲಿ ಮೊದಲು ಹೋಗುವುದು ಕೀಚಲು ಸದ್ದು, ಅಂದರೆ ಎತ್ತರದ ಆವರ್ತನ. ಸ, ಶ, ತ, ಕ ಮುಂತಾದ ವ್ಯಂಜನಗಳ ಗುರುತು ಇರುವುದು ಅಲ್ಲೇ. ಅ, ಓ, ಊ ಇಂಥ ಸ್ವರಗಳ ಬಲ ಕೆಳಗಿನ ಆವರ್ತನದಲ್ಲಿ ಇರುತ್ತದೆ, ಅವು ಚೆನ್ನಾಗಿಯೇ ಕೇಳುತ್ತವೆ. ಹಾಗಾಗಿ ಯಾರೋ ಮಾತಾಡುತ್ತಿದ್ದಾರೆ ಅಂತ ಗೊತ್ತಾಗುತ್ತದೆ, ಏನು ಅಂತ ಗೊತ್ತಾಗುವುದಿಲ್ಲ. ನಾವು ಕಿರುಚಿದರೆ ಜೋರಾಗುವುದು ಮುಖ್ಯವಾಗಿ ಸ್ವರಗಳೇ. ಅದರಿಂದ ಅವರಿಗೆ ತಲೆನೋವು ಬರುತ್ತದೆ, ಅರ್ಥ ಆಗುವುದಿಲ್ಲ.

ಮಾಡಬೇಕಾದ್ದು ಬೇರೆ. ನಿಧಾನವಾಗಿ, ಮಾತಿನ ನಡುವೆ ಬಿಡುವು ಕೊಟ್ಟು, ಬಿಡಿಸಿ ಮಾತಾಡಿ. ಮುಖದ ಮೇಲೆ ಬೆಳಕು ಬೀಳುವಂತೆ ಕೂತುಕೊಳ್ಳಿ. ಬೆನ್ನ ಹಿಂದೆ ಕಿಟಕಿ ಇದ್ದರೆ ಮುಖ ಬರೀ ಕಪ್ಪಾಗಿ ಕಾಣುತ್ತದೆ. ಕಿವಿ ಮಂದವಾದವರು ತಮಗೇ ಅರಿವಿಲ್ಲದೆ ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಿರುತ್ತಾರೆ. ಇಯರ್‌ಫೋನ್ ಹಾಕಿದರೆ ಬಹಳ ಜನಕ್ಕೆ ದೊಡ್ಡ ವ್ಯತ್ಯಾಸ ಗೊತ್ತಾಗುತ್ತದೆ. ಕೋಣೆಯ ಪ್ರತಿಧ್ವನಿ ತಪ್ಪುತ್ತದೆ, ದನಿ ನೇರ ಕಿವಿಗೆ ಬರುತ್ತದೆ. ಹಿಯರಿಂಗ್ ಏಡ್ ಇರುವವರಿಗೆ ಕಿವಿಯನ್ನು ಮೇಲಿಂದ ಮುಚ್ಚುವ ದೊಡ್ಡ ಹೆಡ್‌ಫೋನ್ ಒಗ್ಗುತ್ತದೆ. ಈಗಿನ ಕೆಲವು ಹಿಯರಿಂಗ್ ಏಡ್‌ಗಳು ಬ್ಲೂಟೂತ್‌ನಲ್ಲಿ ನೇರವಾಗಿ ಫೋನಿಗೆ ಜೋಡಣೆ ಆಗುತ್ತವೆ. ತಮ್ಮದರಲ್ಲಿ ಆ ಸೌಲಭ್ಯ ಇದೆ ಅಂತಲೇ ಗೊತ್ತಿಲ್ಲದವರು ಇದ್ದಾರೆ, ಒಮ್ಮೆ ವಿಚಾರಿಸಿ ನೋಡಿ. ಮಾತನ್ನು ಅಕ್ಷರದಲ್ಲಿ ತೋರಿಸುವ ಕ್ಯಾಪ್ಷನ್ ನಿಮ್ಮ ಆ್ಯಪ್‌ನಲ್ಲಿ ನಿಮ್ಮ ಭಾಷೆಗೆ ಇದ್ದರೆ ಆನ್ ಮಾಡಿ. ತಪ್ಪುಗಳಿರುತ್ತವೆ, ಆದರೂ ಸಹಾಯವಾಗುತ್ತದೆ. ಜೊತೆಗೆ ಆ ತಪ್ಪುಗಳನ್ನು ಓದಿ ಎಲ್ಲರೂ ನಗುತ್ತಾರೆ, ಅದೂ ಲಾಭವೇ.

ಎರಡು ಗಂಟೆ ಬಹಳ ಹೆಚ್ಚಾಯಿತು. ಪರದೆಯ ಮುಂದೆ ಆಗುವ ಆಯಾಸದ ಬಗ್ಗೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರೆಮಿ ಬೇಲೆನ್ಸನ್ 2021ರಲ್ಲಿ ನಾಲ್ಕು ಕಾರಣ ಕೊಟ್ಟರು. ತೀರಾ ಹತ್ತಿರದಲ್ಲಿ ನಿಂತು ದಿಟ್ಟಿಸಿದಂತೆ ಕಾಣುವ ಮುಖಗಳು, ತನ್ನ ಮುಖವನ್ನೇ ತಾನು ನೋಡುತ್ತಿರಬೇಕಾದದ್ದು, ಅಲುಗಾಡದೆ ಕೂರುವುದು, ಕೈಸನ್ನೆ ಕಣ್ಸನ್ನೆ ಅರ್ಥ ಮಾಡಿಕೊಳ್ಳಲು ತಲೆಗೆ ಬೀಳುವ ಹೆಚ್ಚಿನ ಕೆಲಸ. ನಮ್ಮ ವಿಷಯದಲ್ಲಿ ಎರಡನೆಯದು ಮುಖ್ಯ ಅಂತ ನನಗನ್ನಿಸುತ್ತದೆ. ಕಾಯಿಲೆಯಿಂದ ಸೊರಗಿದವರಿಗೆ, ಹಲ್ಲಿನ ಸೆಟ್ ಹಾಕಿಕೊಳ್ಳದೆ ಕೂತವರಿಗೆ, ತಮ್ಮ ಮುಖವನ್ನು ಅಷ್ಟು ಹೊತ್ತು ನೋಡುವುದು ಹಿಂಸೆ. ಕ್ಯಾಮೆರಾ ಆಫ್ ಆಗುವುದಕ್ಕೆ ಇದೂ ಒಂದು ಕಾರಣ. ಝೂಮ್‌ನಲ್ಲಿ ‘ಹೈಡ್ ಸೆಲ್ಫ್ ವ್ಯೂ’ ಎಂಬ ಆಯ್ಕೆ ಇದೆ. ಅದನ್ನು ಒತ್ತಿದರೆ ತಮ್ಮ ಮುಖ ತಮಗೆ ಕಾಣುವುದಿಲ್ಲ, ಉಳಿದವರಿಗೆ ಕಾಣುತ್ತದೆ. ಇಷ್ಟಾದರೂ ಯಾರಾದರೂ ಕ್ಯಾಮೆರಾ ಬೇಡ ಅಂದರೆ ಬಿಟ್ಟುಬಿಡಿ, ಒತ್ತಾಯ ಬೇಡ.

ಝೂಮ್‌ನ ಉಚಿತ ಖಾತೆಯಲ್ಲಿ 40 ನಿಮಿಷಕ್ಕೆ ಕರೆ ಕಡಿದುಹೋಗುತ್ತದೆ. ಎಲ್ಲರೂ ಅದನ್ನು ಬೈಯುತ್ತಾರೆ, ಆದರೆ ಹಿರಿಯರ ಕೂಟಕ್ಕೆ ಅದು ಸರಿಯಾದ ಅಳತೆ. ಬಂದು ಸೇರಿ ಕುಶಲ ವಿಚಾರಿಸಲು ಐದು ನಿಮಿಷ. ಒಂದು ಹಾಡೋ ಕವಿತೆಯೋ ಚಿಕ್ಕ ಕಥೆಯೋ, ಹತ್ತು ನಿಮಿಷ ಮೀರದಂತೆ. ಆಮೇಲೆ ಇಪ್ಪತ್ತು ನಿಮಿಷ ನಾಲ್ವರ ಗುಂಪಿನಲ್ಲಿ ಮಾತು. ಕೊನೆಗೆ ಎಲ್ಲರೂ ಒಟ್ಟಿಗೆ ಬಂದು ವಿದಾಯ. ಮಾತು ಇನ್ನೂ ಬಾಕಿ ಇರುವಾಗಲೇ ಮುಗಿಯಲಿ, ಮುಂದಿನ ವಾರ ಬರುತ್ತಾರೆ. ಗಂಟೆಗಟ್ಟಲೆ ಉಪನ್ಯಾಸವಂತೂ ಬೇಡವೇ ಬೇಡ. ಬೇಕಾದವರಿಗೆ ಅದರ ರೆಕಾರ್ಡಿಂಗ್ ಕಳುಹಿಸಿ, ಕೂಟದಲ್ಲಿ ಅದರ ಬಗ್ಗೆ ಮಾತಾಡಲಿ.

ಮಾತಿಗೆ ವಿಷಯ ಕೊಡುವುದರಲ್ಲಿ ಸ್ವಲ್ಪ ಜಾಣತನ ಬೇಕು. ‘ನಿಮ್ಮ ಬಾಲ್ಯದ ಬಗ್ಗೆ ಹೇಳಿ’ ಅಂದರೆ ಯಾರಿಗೂ ಏನೂ ಹೊಳೆಯುವುದಿಲ್ಲ. ‘ಮೊದಲ ಸಂಬಳದಲ್ಲಿ ಏನು ಕೊಂಡಿರಿ?’ ಅಂತ ಕೇಳಿ ನೋಡಿ. ‘ಶಾಲೆಯಲ್ಲಿ ಯಾವ ಮೇಷ್ಟ್ರಿಗೆ ಜಾಸ್ತಿ ಹೆದರುತ್ತಿದ್ದಿರಿ?’, ‘ನಿಮ್ಮ ಮನೆಗೆ ಮೊದಲು ರೇಡಿಯೋ ಬಂದದ್ದು ಯಾವಾಗ?’ ಪ್ರಶ್ನೆ ಸಣ್ಣದಾದಷ್ಟೂ ಉತ್ತರ ದೊಡ್ಡದಾಗುತ್ತದೆ. ಇನ್ನೊಂದು ದಾರಿ, ಮನೆಯಲ್ಲಿರುವ ಹಳೆಯ ವಸ್ತುವೊಂದನ್ನು ತಂದು ಕ್ಯಾಮೆರಾದ ಮುಂದೆ ಹಿಡಿಯುವುದು: ಕನ್ನಡಕದ ಡಬ್ಬಿ, ಕೈಗಡಿಯಾರ, ಒಂದು ಫೋಟೋ, ಹಳೆಯ ಕಾಗದ. ಎದುರಾಬದುರು ಸೇರುವ ಸಭೆಗೆ ಇವನ್ನೆಲ್ಲ ಹೊತ್ತು ತರಲು ಆಗುವುದಿಲ್ಲ. ಮನೆಯಲ್ಲೇ ಕೂತಿರುವುದರಿಂದ ಕೈ ಚಾಚಿದರೆ ಸಿಗುತ್ತವೆ. ಆನ್‌ಲೈನ್ ಕೂಟಕ್ಕೆ ಇರುವ ಒಂದು ದೊಡ್ಡ ಅನುಕೂಲ ಇದು, ಯಾರೂ ಬಳಸಿಕೊಳ್ಳುವುದಿಲ್ಲ.

ಹಳೆಯದನ್ನೇ ಮತ್ತೆ ಮತ್ತೆ ಹೇಳುತ್ತಾರೆ ಅಂತ ಬೇಸರ ಬೇಡ. ಒಂದು ಕಾಲದಲ್ಲಿ ವೈದ್ಯರೇ ಇದನ್ನು ಮರೆಗುಳಿತನದ ಲಕ್ಷಣ ಅನ್ನುತ್ತಿದ್ದರು. 1963ರಲ್ಲಿ ಮನೋವೈದ್ಯ ರಾಬರ್ಟ್ ಬಟ್ಲರ್ ಅದು ಹಾಗಲ್ಲ, ವಯಸ್ಸಾದವರು ತಮ್ಮ ಬದುಕನ್ನು ತಿರುಗಿ ನೋಡಿ ಲೆಕ್ಕ ಹಾಕಿಕೊಳ್ಳುವುದು ಸಹಜವಾದ, ಬೇಕಾದ ಕೆಲಸ ಅಂತ ವಾದಿಸಿದರು. ಆದರೆ ಒಂದು ಎಚ್ಚರಿಕೆ. ‘ನಿಮಗೆ ಎಷ್ಟು ಮಕ್ಕಳು, ಎಷ್ಟು ಮೊಮ್ಮಕ್ಕಳು’ ಎನ್ನುವುದನ್ನು ಎಲ್ಲರಿಗೂ ಕೇಳುವ ಪ್ರಶ್ನೆಯಾಗಿ ಇಡಬೇಡಿ. ಮಕ್ಕಳಿಲ್ಲದವರು, ಮಕ್ಕಳನ್ನು ಕಳೆದುಕೊಂಡವರು, ಮಕ್ಕಳ ಜೊತೆ ಮಾತು ಬಿಟ್ಟವರು ಯಾವ ಗುಂಪಿನಲ್ಲಾದರೂ ಒಬ್ಬರು ಇದ್ದೇ ಇರುತ್ತಾರೆ. ನೆನಪು ಕೆದಕಿದಾಗ ಯಾರಾದರೂ ಅತ್ತರೆ ಗಾಬರಿಯಾಗಿ ವಿಷಯ ಬದಲಿಸಬೇಡಿ. ಸ್ವಲ್ಪ ಹೊತ್ತು ಸುಮ್ಮನಿರಿ. ಕೂಟ ಮುಗಿದ ಮೇಲೆ ಅವರಿಗೊಂದು ಫೋನ್ ಮಾಡಿ.

ಹಿರಿಯರಿಗೆ ಕೆಲಸ ಕೊಡಿ. ಈಗ ನಿಮ್ಮ ಕೂಟದಲ್ಲಿ ನೀವು ಮಾಡುವವರು, ಅವರು ನೋಡುವವರು. ಜೀವನವಿಡೀ ಮನೆ ನಡೆಸಿ, ಕಚೇರಿ ನಡೆಸಿ ಬಂದವರಿಗೆ ಬರೀ ನೋಡುವ ಪಾಲು ಸಾಕಾಗುವುದಿಲ್ಲ. ಒಬ್ಬರು ಬಂದವರನ್ನೆಲ್ಲ ಹೆಸರು ಹೇಳಿ ಸ್ವಾಗತಿಸಲಿ. ಇನ್ನೊಬ್ಬರು ವಾರದ ಪ್ರಶ್ನೆ ಆರಿಸಲಿ. ಮತ್ತೊಬ್ಬರು ಒಗಟು ತರಲಿ. ಎಲ್ಲಕ್ಕಿಂತ ಮುಖ್ಯವಾದ ಕೆಲಸ ಬರದೇ ಇದ್ದವರಿಗೆ ಫೋನ್ ಮಾಡುವುದು. ಅದನ್ನು ನೀವು ಮಾಡಬೇಡಿ, ಅದೇ ಗುಂಪಿನ ನಾಲ್ವರಲ್ಲಿ ಒಬ್ಬರು ಮಾಡಲಿ. ನೀವು ಕೇಳಿದರೆ ಅದು ಹಾಜರಿ. ಅವರು ಕೇಳಿದರೆ ಸ್ನೇಹ. ಕೂಟ ಚೆನ್ನಾಗಿ ನಡೆಯುತ್ತಿದೆಯೋ ಇಲ್ಲವೋ ಅಂತ ತಿಳಿಯಲು ತಲೆ ಎಣಿಸಬೇಡಿ. ವಾರದ ನಡುವೆ ನಿಮ್ಮನ್ನು ಬಿಟ್ಟು ಅವರವರೇ ಫೋನ್ ಮಾಡಿಕೊಳ್ಳುತ್ತಿದ್ದಾರಾ ಅಂತ ವಿಚಾರಿಸಿ.

ಫೋನ್ ಬಳಸಲು ಕಲಿಸುವ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಎಲ್ಲರಿಗೂ ಗೊತ್ತಿರುವುದೇ. ಒಂದೇ ಮಾತು: ಬೆರಳು ಅವರದ್ದೇ ಇರಲಿ. ಮನೆಯ ಹುಡುಗರು ಫೋನ್ ಕಸಿದುಕೊಂಡು ಟಕಟಕ ಒತ್ತಿ ‘ಇಷ್ಟೇ’ ಅಂತ ವಾಪಸ್ ಕೊಡುತ್ತಾರೆ. ಅದು ಕಲಿಸಿದ ಹಾಗಲ್ಲ. ಪ್ರತಿ ವಾರವೂ ಅದೇ ಲಿಂಕ್, ಅದೇ ದಿನ, ಅದೇ ಹೊತ್ತು ಇರಲಿ. ಒತ್ತಬೇಕಾದ ಮೂರು ನಾಲ್ಕು ಜಾಗಗಳನ್ನು ದೊಡ್ಡ ಅಕ್ಷರದಲ್ಲಿ, ಚಿತ್ರದ ಸಮೇತ ಒಂದು ಹಾಳೆಯಲ್ಲಿ ಬರೆದುಕೊಡಿ. ಬೆರಳು ಒಣಗಿದ್ದರೆ ಟಚ್‌ಸ್ಕ್ರೀನ್ ಕೆಲವೊಮ್ಮೆ ಗುರುತಿಸುವುದಿಲ್ಲ. ಅಂಥವರಿಗೆ ಟಚ್ ಪೆನ್ ಕೊಟ್ಟರೆ ಅನುಕೂಲ, ಕೈ ನಡುಗುವವರಿಗೂ ಅದು ಸಲೀಸು. ಫೋನನ್ನು ಕೈಯಲ್ಲಿ ಹಿಡಿದು ಕೂರಿಸಬೇಡಿ. ಒಂದು ಸ್ಟ್ಯಾಂಡ್ ಇರಲಿ, ಇಲ್ಲವೇ ಪುಸ್ತಕಗಳಿಗೆ ಒರಗಿಸಿಡಿ.

ಮೋಸದ ಬಗ್ಗೆ ಮಾತ್ರ ಮೊದಲ ದಿನವೇ ಹೇಳಿ, ಆಗಾಗ ಮತ್ತೆ ಹೇಳಿ. ಕೂಟದ ಲಿಂಕ್ ಬಳಗದ ಒಳಗೇ ಇರಲಿ, ಎಲ್ಲರೂ ನೋಡುವ ಕಡೆ ಹಾಕಬೇಡಿ. ಪಾಸ್‌ಕೋಡ್ ಮತ್ತು ವೇಟಿಂಗ್ ರೂಮ್ ಎರಡೂ ಆನ್ ಇರಲಿ. ಸ್ಕ್ರೀನ್ ಶೇರ್ ಮಾಡುವ ಅಧಿಕಾರ ನಡೆಸುವವರಿಗೆ ಮಾತ್ರ ಕೊಡಿ. 2020ರಲ್ಲಿ ಅಪರಿಚಿತರು ಝೂಮ್ ಸಭೆಗಳಿಗೆ ನುಗ್ಗಿ ಅಸಹ್ಯ ಚಿತ್ರ ತೋರಿಸಿದ ಪ್ರಕರಣಗಳು ಎಷ್ಟೋ ನಡೆದವು. ಈ ಮೂರು ಮಾಡಿದ್ದರೆ ಬಹುಪಾಲು ತಪ್ಪುತ್ತಿದ್ದವು. ‘ಕೂಟದ ಹೆಸರಿನಲ್ಲಿ ಯಾರು ಫೋನ್ ಮಾಡಿದರೂ ಓಟಿಪಿ ಹೇಳಬೇಡಿ, ಹೊಸ ಆ್ಯಪ್ ಹಾಕಿಕೊಳ್ಳಬೇಡಿ, ಹಣ ಕಳುಹಿಸಬೇಡಿ’ ಎನ್ನುವುದನ್ನು ಆ ಹಾಳೆಯ ಕೆಳಗೇ ಬರೆದುಬಿಡಿ. ರೆಕಾರ್ಡ್ ಮಾಡುವುದಾದರೆ ಎಲ್ಲರನ್ನೂ ಕೇಳಿ ಮಾಡಿ. ನಾಲ್ವರ ಮಾತನ್ನಂತೂ ಎಂದೂ ರೆಕಾರ್ಡ್ ಮಾಡಬೇಡಿ.

ನೀವು ಕೇಳದ ಒಂದು ವಿಷಯ ಹೇಳಲೇಬೇಕು. ಈ ವಯಸ್ಸಿನವರ ಬಳಗದಲ್ಲಿ ಸಾವು ಬರುತ್ತದೆ. ಆನ್‌ಲೈನ್ ಕೂಟದಲ್ಲಿ ಅದು ಬಹಳ ಕೆಟ್ಟದಾಗಿ ಬರುತ್ತದೆ. ಒಂದು ಚೌಕ ಇಲ್ಲ, ಅಷ್ಟೇ. ಯಾರೂ ಏನೂ ಹೇಳದೆ ಕಾರ್ಯಕ್ರಮ ಶುರುವಾಗಿಬಿಡುತ್ತದೆ. ಹಾಗೆ ಮಾಡಬೇಡಿ. ಸುದ್ದಿ ತಿಳಿದ ದಿನ ಅವರ ಗುಂಪಿನ ಉಳಿದ ಮೂವರಿಗೂ ಒಬ್ಬೊಬ್ಬರಿಗೇ ಫೋನ್ ಮಾಡಿ ಹೇಳಿ, ವಾಟ್ಸಾಪ್ ಸಂದೇಶದಲ್ಲಿ ಅವರು ಓದಿ ತಿಳಿಯಬಾರದು. ಮುಂದಿನ ಕೂಟದಲ್ಲಿ ಬೇರೆ ಏನೂ ಇಡಬೇಡಿ. ಹೋದವರ ಬಗ್ಗೆ ಯಾರಿಗೆ ಏನು ನೆನಪಿದೆಯೋ ಹೇಳಲಿ. ಅವರ ನಂಬರನ್ನು ಗುಂಪಿನಿಂದ ಅಂದೇ ತೆಗೆದುಹಾಕಬೇಡಿ, ಮನೆಯವರನ್ನು ಕೇಳಿ ನಿಧಾನವಾಗಿ ಮಾಡಿ. ಆ ಮೂವರಿಗೆ ತಕ್ಷಣ ಹೊಸಬರೊಬ್ಬರನ್ನು ಸೇರಿಸಿ ಲೆಕ್ಕ ಸರಿಮಾಡುವುದೂ ಬೇಡ.

ಇನ್ನು ಸ್ಮಾರ್ಟ್‌ಫೋನ್ ಇಲ್ಲದ, 87 ವರ್ಷದ ಆ ಹಿರಿಯರು. ಅವರಿಗೆ ಹೊಸ ಫೋನ್ ಕೊಡಿಸಿ ಕಲಿಸುವ ಹಠ ಬೇಡ. ಅವರೇ ಆಸೆಪಟ್ಟರೆ ಸರಿ. ಬರೀ ದನಿಯ ಫೋನೂ ಚೆನ್ನಾಗಿಯೇ ಕೆಲಸ ಮಾಡುತ್ತದೆ. 2021ರಲ್ಲಿ ಪ್ರಕಟವಾದ, ಅಮೆರಿಕದ ಟೆಕ್ಸಸ್‌ನಲ್ಲಿ ನಡೆದ ಒಂದು ಪ್ರಯೋಗದಲ್ಲಿ 240 ಜನರಿದ್ದರು. ಅರ್ಧಕ್ಕಿಂತ ಹೆಚ್ಚು ಮಂದಿ ಒಂಟಿಯಾಗಿ ಬದುಕುತ್ತಿದ್ದವರು. ಅವರಲ್ಲಿ ಅರ್ಧ ಜನಕ್ಕೆ 17ರಿಂದ 23 ವಯಸ್ಸಿನ ಹುಡುಗ ಹುಡುಗಿಯರು ನಾಲ್ಕು ವಾರ ಫೋನ್ ಮಾಡಿದರು. ವೃತ್ತಿಪರರಲ್ಲ, ಸ್ವಲ್ಪ ಹೊತ್ತಿನ ತರಬೇತಿ ಅಷ್ಟೇ. ಮೊದಲ ಐದು ದಿನ ದಿನವೂ ಫೋನ್ ಹೋಯಿತು, ಆಮೇಲೆ ವಾರಕ್ಕೆ ಎಷ್ಟು ಸಲ ಬರಬೇಕು ಎನ್ನುವುದರಲ್ಲಿ ಫೋನ್ ಪಡೆಯುವವರ ಮಾತೇ ನಡೆಯಿತು. ಏನು ಮಾತಾಡಬೇಕು ಎನ್ನುವುದನ್ನೂ ಅವರಿಗೇ ಬಿಟ್ಟಿದ್ದರು. ತಿಂಗಳ ಕೊನೆಗೆ ಒಂಟಿತನ, ಖಿನ್ನತೆ, ಆತಂಕ ಮೂರೂ ಕಡಿಮೆಯಾಗಿದ್ದವು.

ಆದ್ದರಿಂದ ಅವರಿಗೆ ಮೂರು ಜನರನ್ನು ಜೊತೆ ಮಾಡಿ, ಆ ಗುಂಪಿನ ಕೂಟವನ್ನು ಸಾಮಾನ್ಯ ಫೋನಿನ ಕಾನ್ಫರೆನ್ಸ್ ಕರೆಯಲ್ಲೇ ನಡೆಸಿ. ಹೆಚ್ಚಿನ ಮೊಬೈಲುಗಳಲ್ಲಿ ಒಂದು ಕರೆ ಮಾಡಿ, ಇನ್ನೊಂದನ್ನು ಸೇರಿಸಿ ‘ಮರ್ಜ್’ ಒತ್ತಿದರೆ ನಾಲ್ಕೈದು ಜನ ಒಟ್ಟಿಗೆ ಮಾತಾಡಬಹುದು. ಕರೆ ಮಾಡುವುದು ಉಳಿದವರಲ್ಲಿ ಒಬ್ಬರು, ಆ ಹಿರಿಯರು ಫೋನ್ ಎತ್ತಿದರೆ ಸಾಕು. ನಿಮ್ಮ ಝೂಮ್ ಖಾತೆಯಲ್ಲಿ ಫೋನ್ ನಂಬರಿನಿಂದ ಸೇರುವ ಸೌಲಭ್ಯ ಇದ್ದರೆ ದೊಡ್ಡ ಕೂಟಕ್ಕೂ ಅವರು ಲ್ಯಾಂಡ್‌ಲೈನಿನಿಂದಲೇ ಬರಬಹುದು. ಆಗ ಮ್ಯೂಟ್ ಹಾಕಲು, ತೆಗೆಯಲು ಸ್ಟಾರ್ ಮತ್ತು 6, ಕೈ ಎತ್ತಲು ಸ್ಟಾರ್ ಮತ್ತು 9 ಒತ್ತಬೇಕು. ಫೋನಿನಲ್ಲಿ ಮುಖ ಕಾಣುವುದಿಲ್ಲವಾದ್ದರಿಂದ ಮೊದಲ ಕೆಲವು ವಾರ ಎಲ್ಲರೂ ಮಾತು ಶುರು ಮಾಡುವ ಮುಂಚೆ ತಮ್ಮ ಹೆಸರು ಹೇಳಿಕೊಳ್ಳಲಿ. ದನಿಗಳ ಗುರುತು ಹತ್ತಿದ ಮೇಲೆ ಅದೂ ಬೇಕಾಗುವುದಿಲ್ಲ.